ಹೊಗೆಗೆ ಬೆದರದ ಕಣ್ಣು

೭ ಜನವರಿ ೧೯೭೯, ಭಾನುವಾರ

ಬರೆದಿಡಬೇಕಾದ ದಿನ. ಟಿ. ನಗರದ ಒಂದು ಹೊಸ ಫ್ಲಾಟಿನ ಗೃಹಪ್ರವೇಶಕ್ಕೆ ನವಗ್ರಹ ಹೋಮ ಮಾಡಿಸಿದೆ. ಮೂರನೆಯ ಮಹಡಿ, ಅಂಗೈಯಗಲದ ಹಜಾರ, ತಂದಿಟ್ಟಿದ್ದ ಸಮಿತ್ತು ಪೂರ್ತಿ ಹಸಿ. ಪಕ್ಕದ ಮನೆಯವರು ಜಗಳಕ್ಕೆ ಬರುತ್ತಾರೆಂದು ಕಿಟಕಿಯನ್ನೂ ಮುಚ್ಚಿದ್ದರು. ಹೊಗೆ ಎದ್ದದ್ದೇ ತಡ, ಮೊದಲು ಮಕ್ಕಳು ಓಡಿದರು, ಆಮೇಲೆ ಹೆಂಗಸರು, ಕೊನೆಗೆ ಮನೆಯ ಯಜಮಾನನೇ ಕಣ್ಣುಜ್ಜಿಕೊಳ್ಳುತ್ತ ಬಾಲ್ಕನಿಗೆ ಹೋಗಿ ನಿಂತ. ನನ್ನ ಜೊತೆ ಕೂತಿದ್ದ ವಿಷ್ಣುತೀರ್ಥ ವೇದದಲ್ಲಿ ನನಗಿಂತ ಒಂದು ಕೈ ಮೇಲೆ, ವಯಸ್ಸಿನಲ್ಲಿ ಹದಿನೈದು ವರ್ಷ ಕಿರಿಯ. ಆದರೆ ಹೊಗೆ ಕಂಡರೆ ಹಸುಗೂಸು. ಕರವಸ್ತ್ರ ಮುಖಕ್ಕೆ ಹಿಡಿದುಕೊಂಡೇ ಮಂತ್ರ ಹೇಳಿದ. ನಾನೊಬ್ಬ ಪೂರ್ಣಾಹುತಿಯವರೆಗೆ ಹಾಗೇ ಕೂತಿದ್ದೆ. ಕಣ್ಣಿನಿಂದ ಒಂದು ಹನಿ ನೀರು ಬರಲಿಲ್ಲ.

ಕಮಲಾಕರ ದೇಸಾಯಿ ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಧಾರವಾಡದ ಕಡೆಯವನು, ಅಂಬತ್ತೂರಿನಲ್ಲಿ ಸ್ವಂತ ಕಾರ್ಖಾನೆ, ಹೋದ ವರ್ಷ ನನ್ನಿಂದಲೇ ಮಂತ್ರೋಪದೇಶ ಪಡೆದವನು. "ಆಚಾರ್ರ, ಇದು ಸಾಮಾನ್ಯ ಅಲ್ರಿ. ಅಗ್ನಿ ನಿಮ್ಮ ಕಣ್ಣಿಗೆ ವಶ ಆಗ್ಯಾನ" ಎಂದು ಎಲ್ಲರೆದುರಿಗೆ ಕೈಮುಗಿದ. ನಾನು ಹೌದು ಅನ್ನಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ.

ಯೋಚಿಸಿ ನೋಡಿದರೆ ಎರಡು ವರ್ಷದ ಹಿಂದೆ ನನ್ನ ಉತ್ತರೀಯದ ಅಂಚೂ ಒದ್ದೆಯಾಗುತ್ತಿತ್ತು. ಹೋದ ಚಾತುರ್ಮಾಸ್ಯದಲ್ಲಿ ಲಕ್ಷ ಗಾಯತ್ರಿ ಮುಗಿಸಿದೆನಲ್ಲ, ಅಲ್ಲಿಂದೀಚೆಗೆ ನೀರು ನಿಂತಿದೆ. ವಾರವೆಲ್ಲ ಮೌಂಟ್ ರೋಡಿನ ಇನ್ಶೂರೆನ್ಸ್ ಆಫೀಸಿನಲ್ಲಿ ಹೆಡ್ ಕ್ಲಾರ್ಕಾಗಿ ಕ್ಲೇಮು ಕಾಗದ ತಿರುವುವ ಮಧ್ವರಾಜನಿಗೆ ಐವತ್ತಾರನೆಯ ವಯಸ್ಸಿನಲ್ಲಿ ಇಷ್ಟು ದಕ್ಕಿದರೆ ಕಡಿಮೆಯೇ? ಊಟಕ್ಕೆ ಹೋಳಿಗೆ. ಐದು ತಿಂದೆ. ಬಾಯಾರಿಕೆಯೋ ಬಾಯಾರಿಕೆ, ಬಂದವನು ಒಂದು ಹೂಜಿ ನೀರು ಖಾಲಿ ಮಾಡಿದೆ.

೧೫ ಜನವರಿ

ಸಂಕ್ರಾಂತಿಯ ಹುಗ್ಗಿ ಚೆನ್ನಾಗಿತ್ತು. ಸಾಯಂಕಾಲ ಕಮಲಾಕರ ಕಾರಿನಲ್ಲಿ ಬಂದ. ಕಾರ್ಖಾನೆಯಲ್ಲಿ ಹೊಸ ಶೆಡ್ಡು ಕಟ್ಟಿಸಿದ್ದಾನೆ, ದೊಡ್ಡದೊಂದು ಪ್ರೆಸ್ ಯಂತ್ರ ಕೂಡಿಸುತ್ತಾನೆ. ಅದಕ್ಕೆ ಮಾರ್ಚ್ ಒಂಬತ್ತರಿಂದ ಮೂರು ದಿನ ಸುದರ್ಶನ ಹೋಮ. ಹನ್ನೊಂದು ಜನ ಋತ್ವಿಕ್ಕುಗಳು, ಪ್ರಧಾನಾಚಾರ್ಯ ನಾನು. "ಇಂಡಸ್ಟ್ರಿಯಲ್ ಎಸ್ಟೇಟಿನ ಮಂದಿ ನಿಮ್ಮನ್ನ ನೋಡ್ಲಿಕ್ಕೇ ಬರ್ತಾರ್ರಿ" ಎಂದ.

ತಿರುವಲ್ಲಿಕ್ಕೇಣಿಯ ನಮ್ಮ ಬೀದಿಯೊಂದರಲ್ಲೇ ಎಂಟು ಜನ ಪುರೋಹಿತರಿದ್ದಾರೆ. ಇಷ್ಟು ವರ್ಷ ಅವರ ಬಾಯಲ್ಲಿ ನಾನು 'ಭಾನುವಾರದ ಆಚಾರ್'. ಇನ್ನು ಹೇಗೆ ಕರೆಯುತ್ತಾರೋ ನೋಡೋಣ. ವಿಷ್ಣುತೀರ್ಥನನ್ನೂ ಋತ್ವಿಕ್ಕಾಗಿ ಕರೆಯಲು ಹೇಳಿದೆ. ಕರವಸ್ತ್ರ ನಾಲ್ಕು ತರಲಿ.

೨೫ ಜನವರಿ

ತಂದೆಯ ಶ್ರಾದ್ಧ. ಮಡಿ ಅಡಿಗೆಗೆ ಹಿತ್ತಲಿನ ಸೌದೆ ಒಲೆಯೇ ಆಗಬೇಕು. ಇವಳು ಬೆಳಗಿನಿಂದ ಹೊಗೆಯಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ಇದ್ದಳು. ಮನಸ್ಸು ಭಗವಂತನಲ್ಲಿ ನೆಟ್ಟರೆ ಕಣ್ಣಿಗೆ ಹೊಗೆ ತಾಕದು ಎಂದು ನಾನು ಒಂದು ಮಾತು ಹೇಳಿದೆ.

"ಕಣ್ಣಿಗೆ ಹೊಗೆ ಹೋದ್ರೆ ನೀರು ಬರೋದು ನ್ಯಾಯ. ಬರ್ದೇ ಇರೋದು ಎಲ್ಲಿ ನ್ಯಾಯ?" ಎಂದಳು ತಿರುಗಿ ನೋಡದೆ. ಮದುವೆಯಾಗಿ ಮೂವತ್ತು ವರ್ಷವಾದರೂ ಇಂಥ ವಿಷಯ ತಿಳಿಯುವುದಿಲ್ಲ. ವಡೆ ಗರಿಗರಿಯಾಗಿತ್ತು, ಗಸಗಸೆ ಪಾಯಸ ಎರಡು ಸಲ ಬಡಿಸಿಕೊಂಡೆ.

೬ ಫೆಬ್ರವರಿ

ಆಫೀಸಿನಲ್ಲಿ ನನ್ನ ಮೇಜಿನ ಮೇಲೆ ಸರಿಯಾಗಿ ಹೊಸ ಫ್ಯಾನು ಹಾಕಿದ್ದಾರೆ. ಮಧ್ಯಾಹ್ನವಾಗುತ್ತಿದ್ದಂತೆ ಅಕ್ಷರ ಮಸುಕಾಗುತ್ತದೆ, ರೆಪ್ಪೆ ಒಂದೆರಡು ಸಲ ಬಡಿದರೆ ತಿಳಿಯಾಗುತ್ತದೆ, ಮತ್ತೆ ಮಸುಕು. ಬೆಳಿಗ್ಗೆ ಏಳುವಾಗ ರೆಪ್ಪೆಗಳು ಅಂಟಿಕೊಂಡಿರುತ್ತವೆ. ಕನ್ನಡಕ ಬದಲಿಸಬೇಕು.

ಮಗಳು ವಾಸಂತಿ ಬ್ಯಾಂಕಿನಿಂದ ಬಂದು ಎದುರಿಗೆ ಕೂತು ಕಾಫಿ ಕುಡಿಯುತ್ತಿದ್ದವಳು ನನ್ನನ್ನೇ ದಿಟ್ಟಿಸಿ ನೋಡಿ, "ನೀ ಕಣ್ಣೈ ಸಿಮಿಟ್ಟವೇ ಮಾಟ್ಟೇಂಗರಿಯೇಪ್ಪಾ!" ಎಂದಳು. ನಾವು ಕನ್ನಡದಲ್ಲಿ ಏನು ಕೇಳಿದರೂ ಅವಳ ಉತ್ತರ ತಮಿಳಿನಲ್ಲಿ. ನಾನು ರೆಪ್ಪೆಯನ್ನೇ ಬಡಿಯುವುದಿಲ್ಲವಂತೆ. ದೇವತೆಗಳನ್ನು ಅನಿಮಿಷರು ಅನ್ನುತ್ತಾರೆ, ಗೊತ್ತೇನೇ ಎಂದೆ. "ಡಾಕ್ಟರ್ ಕಿಟ್ಟೆ ಕಾಟ್ಟು", ಡಾಕ್ಟರಿಗೆ ತೋರಿಸು, ಎಂದು ಎದ್ದು ಹೋದಳು.

೧೮ ಫೆಬ್ರವರಿ, ಭಾನುವಾರ

ಬಲಗಣ್ಣು ಎರಡು ದಿನದಿಂದ ಕೆಂಪಗಿತ್ತು. ನೋವಿಲ್ಲ, ಹಾಗಾಗಿ ಸುಮ್ಮನಿದ್ದೆ. ಇವಳು ನಂದಿಬಟ್ಟಲ ಹೂ ತಂದು ತಣ್ಣಗೆ ಕಣ್ಣಿನ ಮೇಲಿಡುತ್ತೇನೆಂದು ನನ್ನನ್ನು ಅಂಗಳದ ಬೆಳಕಿಗೆ ಕೂರಿಸಿ ರೆಪ್ಪೆ ಬಿಡಿಸಿದಳು. ಬಿಡಿಸಿದವಳು ಹಾಗೇ ನಿಂತಳು.

"ಏನೂಂದ್ರೆ, ಕಣ್ಣೊಳಗೆ ಇದ್ದಿಲು ಇದೆ."

ಹಣೆಗೆ ಅಂಗಾರ ತೇಯುವಾಗ ಹಾರಿದ್ದೋ, ಶುಕ್ರವಾರದ ಹೋಮದ್ದೋ. ಎಳ್ಳಿನ ಅರ್ಧದಷ್ಟಿದೆಯಂತೆ, ಕರಿಗುಡ್ಡೆಯ ಮೇಲೇ ಕೂತಿದೆಯಂತೆ.

"ಕುತ್ತಲ್ವಾ? ಚುಚ್ಚಲ್ವಾ?"

"ಇಲ್ಲವಲ್ಲ."

ಸೆರಗಿನ ತುದಿಯನ್ನು ಹುರಿಮಾಡಿ ಅದನ್ನು ತೆಗೆಯಲು ನೋಡಿದಳು. ಬರಲಿಲ್ಲ. "ಈಗ ಬಟ್ಟೆ ತಾಕ್ತಾ ಇದೆಯೇ?" ಎಂದಳು. ಎಲ್ಲಿ, ನೀನಿನ್ನೂ ಮುಟ್ಟೇ ಇಲ್ಲವಲ್ಲ ಎಂದೆ. "ಮೂರು ಸಲ ಮುಟ್ದೆ" ಎಂದಳು. ನಾನು ನಗುತ್ತ, ಕಮಲಾಕರ ಹೇಳಿದ್ದು ಈಗಲಾದರೂ ನಂಬುತ್ತೀಯಾ ಎಂದೆ. ಅವಳು ನೆಲಕ್ಕೆ ಕೂತುಬಿಟ್ಟಳು. ಆಮೇಲೆ ವಾಸಂತಿಯನ್ನು ಕೂಗಿದಳು.

ನಾಡಿದ್ದು ಮೈಲಾಪುರದಲ್ಲಿ ಒಬ್ಬ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕಂತೆ. ಹೋಗೋಣ. ಡಾಕ್ಟರಿಗೂ ಇಂಥದ್ದು ನೋಡಲು ಸಿಕ್ಕಿರುವುದಿಲ್ಲ.

೨೦ ಫೆಬ್ರವರಿ

ಡಾಕ್ಟರ್ ಹೆಂಗಸು. ಗುಣವತಿ ಎಂದು ಹೆಸರು. ನಲವತ್ತು ಇರಬಹುದು. ತಮಿಳಿನಲ್ಲೇ ಮಾತಾಡಿದರು, ನಾನು ನನ್ನ ಭಾಷೆಯಲ್ಲಿ ಬರೆದುಕೊಳ್ಳುತ್ತೇನೆ.

ಮೊದಲು ಹತ್ತಿಯನ್ನು ಎಳೆಯಾಗಿ ಹೊಸೆದು ಕಣ್ಣಿನ ಗುಡ್ಡೆಗೆ ಮುಟ್ಟಿಸಿದರು. ರೆಪ್ಪೆ ಅಲುಗಲಿಲ್ಲ. ಎಡಗಣ್ಣೂ ಅಷ್ಟೇ. ಆಮೇಲೆ ಬ್ಲಾಟಿಂಗ್ ಕಾಗದದಂಥ ಎರಡು ಸಣ್ಣ ಪಟ್ಟಿಗಳನ್ನು ಕೆಳಗಿನ ರೆಪ್ಪೆಗೆ ಸಿಕ್ಕಿಸಿ ಐದು ನಿಮಿಷ ಕೂರಿಸಿದರು. ಬೇರೆಯವರಿಗೆ ಅರ್ಧ ಪಟ್ಟಿ ತೊಯ್ಯುತ್ತದಂತೆ. ನನ್ನದು ಮಡಿಸಿದ ಜಾಗದ ಹತ್ತಿರ ತೊಯ್ದಂತೆ ಮಾಡಿ ನಿಂತಿತು. ಹಳದಿ ಮದ್ದು ಹಾಕಿ ನೀಲಿ ಬೆಳಕಿನಲ್ಲಿ ನೋಡಿದರು. ಇದ್ದಿಲಿನ ಚೂರು ತೆಗೆದರು, ಅದೂ ಗೊತ್ತಾಗಲಿಲ್ಲ.

ನಾನೇ ಆರಂಭಿಸಿದೆ. ಲಕ್ಷ ಗಾಯತ್ರಿ, ಹೋಮ, ಹೊಗೆ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಸಾಮೀ, ದಿನಕ್ಕೆ ಎಷ್ಟು ನೀರು ಕುಡೀತೀರಿ?" ಎಂದರು. ಇದಕ್ಕೂ ಅದಕ್ಕೂ ಏನು ಸಂಬಂಧ? ಒಳಗೆ ಕಳಿಸಿ ಒಂದು ಸೀಸೆಯಲ್ಲಿ ಮೂತ್ರ ಹಿಡಿಸಿದರು. ನೀಲಿ ದ್ರವಕ್ಕೆ ಅದರ ಎಂಟು ಹನಿ ಬಿಟ್ಟು ಕಾಯಿಸಿದರೆ ನೀಲಿ ಹೋಗಿ ಹಸಿರು, ಹಳದಿ, ಕೊನೆಗೆ ಇಟ್ಟಿಗೆಯ ಕೆಂಪು.

"ಇದು ತಪಸ್ಸಲ್ಲ ಸಾಮಿ. ಸಕ್ಕರೆ ಕಾಯಿಲೆ. ಎಷ್ಟೋ ವರ್ಷದಿಂದ ಇರಬೇಕು."

ಅವರು ಹೇಳಿದ್ದು ಇಷ್ಟು. ಕಣ್ಣಿನ ಮೇಲ್ಮೈಯಲ್ಲಿ ಸೂಕ್ಷ್ಮ ನರಗಳಿವೆ. ಹೊಗೆ ಬಂದರೆ, ಧೂಳು ಬಿದ್ದರೆ ಅವು ಸುದ್ದಿ ಮುಟ್ಟಿಸುತ್ತವೆ, ಆಗ ನೀರು ಬರುತ್ತದೆ, ರೆಪ್ಪೆ ಮುಚ್ಚುತ್ತದೆ. ರಕ್ತದಲ್ಲಿ ಸಕ್ಕರೆ ಏರಿ ಏರಿ ಆ ನರಗಳು ಮೊಂಡಾಗಿವೆ. ಸುದ್ದಿ ಹೋಗದ ಮೇಲೆ ನೀರು ಎಲ್ಲಿಂದ ಬರಬೇಕು? ನೀರಿಲ್ಲದೆ ಕಣ್ಣು ಒಣಗುತ್ತದೆ, ಒಣಗಿದ ಕಡೆ ಸಿಪ್ಪೆ ಏಳುತ್ತದೆ, ಬಿದ್ದದ್ದು ತೊಳೆದುಹೋಗುವುದಿಲ್ಲ. ಈಗ ಬಲಗಣ್ಣಿನಲ್ಲಿ ಹುಣ್ಣಾಗಿದೆ. ಇನ್ನೊಂದು ವಾರ ಬಿಟ್ಟಿದ್ದರೆ ಕೀವು ತುಂಬಿ ಆ ಕಣ್ಣು ಹೋಗುತ್ತಿತ್ತು. ಈಗಲೂ ಉಳಿಯುತ್ತದೆಂದು ಮಾತು ಕೊಡಲಾರರು. ಹೊಗೆಯ ಹತ್ತಿರ ಸುಳಿಯುವಂತಿಲ್ಲ.

"ಇದ್ದಿಲು ಇದೆ ಅಂತ ಕಂಡುಹಿಡಿದದ್ದು ಯಾರು?" ಎಂದು ಕೇಳಿದರು.

"ಮನೆಯಲ್ಲಿ."

"ಮನೆಯಲ್ಲಿ ಅಂದರೆ? ಅವರಿಗೆ ಹೆಸರಿಲ್ಲವೇ?"

ವೆಂಕಟಲಕ್ಷ್ಮಿ ಎಂದೆ. ಹೊರಗಿನವರ ಮುಂದೆ ಆ ಹೆಸರು ಹೇಳಿದ್ದು ಇದೇ ಮೊದಲೋ ಏನೋ. ಡಾಕ್ಟರು ಅದನ್ನು ಚೀಟಿಯ ಮೇಲೆ ಬರೆದುಕೊಂಡರು. ಗಂಟೆಗೊಂದು ಸಲ ಹನಿ ಹಾಕುವ ಕೆಲಸ ಅವರದೇ ಎಂದರು.

೨೧ ಫೆಬ್ರವರಿ

ಬರೆಯಲು ಏನೂ ಇಲ್ಲ.

೨೩ ಫೆಬ್ರವರಿ

ಬಲಗಣ್ಣಿಗೆ ಮುಲಾಮು ಹಾಕಿ ರೆಪ್ಪೆ ಮುಚ್ಚಿ ಪಟ್ಟಿ ಅಂಟಿಸಿದ್ದಾರೆ. ಒಂದೇ ಕಣ್ಣಿನಲ್ಲಿ ಬರೆಯುತ್ತಿದ್ದೇನೆ, ಸಾಲು ಇಳಿಜಾರಾಗಿ ಹೋಗುತ್ತಿದೆ. ಆಫೀಸಿಗೆ ರಜೆ.

ಮಾತ್ರೆ ಕೊಟ್ಟಿದ್ದಾರೆ. ಅನ್ನ ಒಂದು ಹಿಡಿ, ಉಳಿದದ್ದು ಗೋಧಿ, ಪಲ್ಯ, ಮಜ್ಜಿಗೆ. ದಿನಾ ಬೆಳಿಗ್ಗೆ ಮೂತ್ರ ಪರೀಕ್ಷೆಯನ್ನು ಮನೆಯಲ್ಲೇ ಮಾಡಿಕೊಳ್ಳಬೇಕಂತೆ. ವಾಸಂತಿ ಗಾಜಿನ ಕೊಳವೆ, ಸ್ಪಿರಿಟ್ ದೀಪ, ನೀಲಿ ದ್ರವದ ಸೀಸೆ ತಂದುಕೊಟ್ಟಳು. ದೇವರ ಮನೆಗೆ ಕಾಣದಂತೆ ಹಿತ್ತಲಿನ ಮೂಲೆಯಲ್ಲಿ ಕುಕ್ಕುರುಗಾಲಲ್ಲಿ ಕೂತು ದೀಪ ಹಚ್ಚಿ ಕೊಳವೆ ಹಿಡಿದೆ. ಮಡಿ ಪಂಚೆ ಉಟ್ಟು ಅಗ್ನಿಯ ಮುಂದೆ ಮೂವತ್ತು ವರ್ಷ ಕೂತವನು ಈಗ ಹೀಗೆ ಕೂತಿದ್ದೇನಲ್ಲ ಎಂದು ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು. ಬಣ್ಣ ಮಾತ್ರ ಇಟ್ಟಿಗೆಯದೇ.

ವೆಂಕಟಲಕ್ಷ್ಮಿ ಕ್ಯಾಲೆಂಡರಿನ ಹಿಂಬದಿಯಲ್ಲಿ ಗಂಟೆಗಳನ್ನು ಬರೆದು ಗೋಡೆಗೆ ತೂಗಹಾಕಿದ್ದಾಳೆ. ಎಡಗಣ್ಣಿಗೆ ಹನಿ ಹಾಕಿದಾಗೊಮ್ಮೆ ಒಂದು ಗೀಟು. ಅಕ್ಕಿ ಆರಿಸುತ್ತಿರಲಿ, ಹೂ ಕಟ್ಟುತ್ತಿರಲಿ, ಗಂಟೆಯಾದರೆ ಕೈ ತೊಳೆದುಕೊಂಡು ಬರುತ್ತಾಳೆ. ಗಲ್ಲ ಹಿಡಿದು ಮುಖ ಎತ್ತಿಸುತ್ತಾಳೆ. ಅವಳ ಕೈಗೆ ಕರಿಬೇವಿನ ವಾಸನೆ ಇರುತ್ತದೆ.

೨೭ ಫೆಬ್ರವರಿ

ಇವತ್ತು ಮತ್ತೆ ತೋರಿಸಿದೆವು. ಹುಣ್ಣು ದೊಡ್ಡದಾಗಿಲ್ಲ, ಚಿಕ್ಕದೂ ಆಗಿಲ್ಲ. ಪಟ್ಟಿ ಸದ್ಯಕ್ಕೆ ತೆಗೆಯುವಂತಿಲ್ಲ. ಮಾರ್ಚ್ ಒಂಬತ್ತರ ಹೋಮದ ವಿಷಯ ಕೇಳಿದೆ. ಡಾಕ್ಟರು, ಹೋಗುವುದಾದರೆ ಎರಡು ಕಣ್ಣಿನ ಆಸೆಯನ್ನೂ ಬಿಟ್ಟು ಹೋಗಿ ಎಂದರು. ಹೆಂಗಸಾದರೂ ಮಾತು ಕಡ್ಡಿ ಮುರಿದಂತೆ.

ಮನೆಗೆ ಬಂದು ಲೆಕ್ಕ ಹಾಕಿದೆ. ಬರೀ ಮೂರು ದಿನ. ಪಟ್ಟಿ ತೆಗೆದು ಕಪ್ಪು ಕನ್ನಡಕ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ಪ್ರಧಾನಾಚಾರ್ಯನ ಪೀಠ ಜನ್ಮದಲ್ಲಿ ಒಮ್ಮೆ ಬರುವಂಥದ್ದು. ಇದನ್ನು ವೆಂಕಟಲಕ್ಷ್ಮಿಗೆ ಹೇಳಿದೆ. ಜಗಳವಾಡುತ್ತಾಳೆಂದುಕೊಂಡಿದ್ದೆ.

"ಹೋಗಿ" ಎಂದಳು. "ಶರಿ. ನಾನೂ ಬರ್ತೀನಿ. ಗಂಟೆಗೊಂದ್ಸಲ ಹೋಮ ನಿಲ್ಸಿ, ಹನ್ನೊಂದು ಜನ ಋತ್ವಿಕ್ಕುಗಳ ಮುಂದೆ ನಿಮ್ಮ ಗಲ್ಲ ಹಿಡಿದು ಹನಿ ಹಾಕ್ತೀನಿ. ಮಡಿ ಹೋದ್ರೆ ನಿಮ್ದು."

ಮಾಡುವವಳೇ. ಆಟ ಮುಗಿಯಿತು. ಭಾನುವಾರ ಅಂಬತ್ತೂರಿಗೆ ಹೋಗಿ ಜ್ವರ ಬಂದಿದೆ, ವಿಷಮ ಜ್ವರ, ಬೇರೆಯವರನ್ನು ನೋಡಿಕೊ ಎಂದು ಹೇಳಿ ಬರುತ್ತೇನೆ. ಕಾಯಿಲೆಯ ಮಾತು ಬೇಡ. ಇರುವ ಹೆಸರಾದರೂ ಉಳಿಯಲಿ.

೩ ಮಾರ್ಚ್

ಆಫೀಸಿನಿಂದ ಹುಡುಗರು ನೋಡಲು ಬಂದಿದ್ದರು. ಅವರು ಹೋದ ಮೇಲೆ ನೆನಪಾಯಿತು. ಇಪ್ಪತ್ತೆಂಟು ವರ್ಷದಿಂದ ಕ್ಲೇಮು ಕಾಗದಗಳಲ್ಲಿ 'ಡಯಾಬಿಟಿಸ್' ಎಂಬ ಶಬ್ದದ ಕೆಳಗೆ ಕೆಂಪು ಗೀಟು ಎಳೆಯುತ್ತ ಬಂದಿದ್ದೇನೆ. ಬಾಯಾರಿಕೆ, ಆಯಾಸ, ಮಂಜುಗಣ್ಣು, ಎಲ್ಲ ಬಾಯಿಪಾಠ. ಯಾರದೋ ಕಾಯಿಲೆ ಅಂದುಕೊಂಡೇ ಓದಿದ್ದು. ಇವತ್ತು ಕೊಳವೆಯಲ್ಲಿ ಇಟ್ಟಿಗೆಯ ಬಣ್ಣ ಹೋಗಿ ಹಳದಿ ಬಂತು. ವೆಂಕಟಲಕ್ಷ್ಮಿಯನ್ನು ಕರೆದು ತೋರಿಸಿದೆ.

೪ ಮಾರ್ಚ್, ಭಾನುವಾರ

ಕೈ ಸೋತರೂ ಇದನ್ನು ಬರೆದೇ ಮಲಗುತ್ತೇನೆ.

ಪರೀಕ್ಷೆಯ ನೀಲಿ ದ್ರವ ಮುಗಿಯುತ್ತ ಬಂದಿತ್ತು. ಸೆಂಟ್ರಲ್ ಸ್ಟೇಷನ್ ಎದುರಿನ ಔಷಧಿ ಅಂಗಡಿಯಲ್ಲಿ ಒಂದು ಸೀಸೆಯನ್ನೂ, ಇನ್ನೊಂದು ಗಾಜಿನ ಕೊಳವೆಯನ್ನೂ ಕೊಂಡು ಚೀಲದಲ್ಲಿಟ್ಟುಕೊಂಡು ಅಂಬತ್ತೂರಿನ ಲೋಕಲ್ ರೈಲು ಹತ್ತಿದೆ. ಪಟ್ಟಿಯ ಮೇಲೆ ಕಪ್ಪು ಕನ್ನಡಕ. ವಾಸಂತಿ ಜೊತೆಗೆ ಬಂದಳು. ದಾರಿಯುದ್ದಕ್ಕೂ ಜ್ವರದ ಮಾತನ್ನು ಹೇಗೆ ಹೇಳಬೇಕೆಂದು ಜೋಡಿಸಿಕೊಂಡೆ.

ಕಮಲಾಕರ ತನ್ನ ಆಫೀಸು ಕೋಣೆಯಲ್ಲಿ ಸ್ಟೂಲಿನ ಮೇಲೆ ಕಾಲಿಟ್ಟುಕೊಂಡು ಕೂತಿದ್ದ. ನನ್ನನ್ನು ಕಂಡು ಎದ್ದ. ಮೇಸ್ತ್ರಿಯನ್ನೂ ಏಳೆಂಟು ಕೆಲಸಗಾರರನ್ನೂ ಒಳಗೆ ಕರೆಸಿ, "ನಾ ಹೇಳಿದ್ದೆನಲ್ಲ, ಅಗ್ನಿ ವಶ ಮಾಡಿಕೊಂಡ ಆಚಾರ್ರು" ಎಂದು ಅರ್ಧ ಕನ್ನಡ ಅರ್ಧ ತಮಿಳಿನಲ್ಲಿ ಪರಿಚಯಿಸಿದ. ಅವರೆಲ್ಲ ಕೈಮುಗಿದರು. ಕಮಲಾಕರ ಮಾತಿನ ಮಧ್ಯೆ ಎರಡು ಸೋಡಾ ಕುಡಿದ. ನಾನು ಜ್ವರ ಎನ್ನಲು ಬಾಯಿ ತೆರೆದೆ.

"ಆಚಾರ್ರ, ಒಂದು ಗುಟ್ಟು ಹೇಳ್ತೀನಿ" ಎಂದ ಅವನು. "ನಿಮ್ಮ ಕಡಿಂದ ಉಪದೇಶ ತಗೊಂಡ ಮ್ಯಾಲೆ ನಂಗೂ ಸ್ವಲ್ಪ ಹತ್ತೇದ್ರಿ. ಹದಿನೈದು ದಿನದ ಹಿಂದ ವೆಲ್ಡಿಂಗಿನ ಕಿಡಿ ಚಪ್ಪಲ್ಯಾಗ ಬಿತ್ತು. ಕಾಲು ಸುಡಾಕತ್ತಿದ್ದು ನಂಗ ಗೊತ್ತೇ ಆಗ್ಲಿಲ್ಲ. ವಾಸನಿ ಬಂದ ಮ್ಯಾಲೆ ಬಗ್ಗಿ ನೋಡಿದೆ. ಒಂದೀಟೂ ನೋವಿಲ್ರಿ. ಹೋಮದ ಮೂರೂ ದಿನ ಬರಿಗಾಲಲ್ಲೇ ಇರ್ತೀನಿ ಅಂತ ಹರಕಿ ಹೊತ್ತೀನಿ."

ಬಟ್ಟೆ ಬಿಚ್ಚಿ ತೋರಿಸಿದ. ಕಿರುಬೆರಳಿನ ಬುಡದಲ್ಲಿ ನಾಣ್ಯದಗಲ ಗಾಯ, ಅಂಚು ಕಪ್ಪು, ಬೆರಳು ಊದಿ ಹೊಳೆಯುತ್ತಿತ್ತು. ವಾಸಂತಿ ಮೂಗಿಗೆ ಸೆರಗು ಹಿಡಿದಳು. ಅವನ ಮುಖ ನೋಡಿದರೆ ಪರೀಕ್ಷೆಯಲ್ಲಿ ಪಾಸಾದ ಹುಡುಗನದು.

ಜನವರಿಯಲ್ಲಿ ನಾನು ಅಲ್ಲ ಅಂದಿದ್ದರೆ ಇವನು ಇದನ್ನು ಸಿದ್ಧಿ ಅಂದುಕೊಳ್ಳುತ್ತಿರಲಿಲ್ಲ. ಜ್ವರವೆಂದು ಹೇಳಿ ಎದ್ದು ಬಂದರೆ ಇವನು ಬರಿಗಾಲಲ್ಲಿ ಮೂರು ದಿನ ತಿರುಗುತ್ತಾನೆ, ಆಮೇಲೆ ಕಾಲೇ ಇರುವುದಿಲ್ಲ. ಇಂಥ ಕಾಗದಗಳನ್ನೂ ನಾನು ಓದಿದ್ದೇನೆ.

ಕನ್ನಡಕ ತೆಗೆದೆ. ಪಟ್ಟಿ ತೋರಿಸಿದೆ. "ಕಮಲಾಕರ, ನನ್ನದು ಸಿದ್ಧಿಯಲ್ಲ. ಸಕ್ಕರೆ ಕಾಯಿಲೆ. ಕಣ್ಣು ಮರಗಟ್ಟಿದೆ, ಅದಕ್ಕೇ ಹೊಗೆ ತಾಕಲಿಲ್ಲ. ನಿನ್ನ ಕಾಲೂ ಹಾಗೇ. ಇವತ್ತೇ ಆಸ್ಪತ್ರೆಗೆ ನಡಿ" ಎಂದೆ.

ನಂಬಬೇಕಲ್ಲ! "ದೊಡ್ಡವರು ಯಾವಾಗ್ಲೂ ಹಿಂಗೇ, ಮುಚ್ಚಿಡ್ತಾರ" ಎಂದು ಇನ್ನಷ್ಟು ಭಕ್ತಿಯಿಂದ ಕೈಮುಗಿದ. ಕೆಲಸಗಾರರೂ ಕೈಮುಗಿದರು. ಎಷ್ಟು ಹೇಳಿದರೆ ಅಷ್ಟು ದೊಡ್ಡವನಾಗುತ್ತ ಹೋದೆ. ಜನ್ಮದಲ್ಲಿ ಹೊಗಳಿಕೆ ಕೇಳಿ ಅಳು ಬಂದದ್ದು ಇವತ್ತೇ.

ಕೊನೆಗೆ ಚೀಲದಿಂದ ಕೊಳವೆ, ಸೀಸೆ ತೆಗೆದು ಮೇಜಿನ ಮೇಲಿಟ್ಟೆ. ಒಂದು ಲೋಟದಲ್ಲಿ ಮೂತ್ರ ಹಿಡಿದು ತಾ ಎಂದೆ. ಕಮಲಾಕರ ಬೆಚ್ಚಿದ. ಗುರುವಿನ ಅಪ್ಪಣೆ ಎಂದೆ, ಹೋದ. ಮೇಸ್ತ್ರಿ ಬ್ಲೋ ಲ್ಯಾಂಪ್ ತಂದ, ಅದು ಬೇಡವೆಂದು ಸ್ಪಿರಿಟ್ಟಿನಲ್ಲಿ ಬತ್ತಿ ಅದ್ದಿ ಹಚ್ಚಿಸಿದೆ. ಮಡಿ, ಆಚಾರ, ಪ್ರಧಾನಾಚಾರ್ಯನ ಗತ್ತು ಎಲ್ಲವನ್ನೂ ಅಲ್ಲಿಯೇ ಬಿಟ್ಟು ಶಿಷ್ಯನ ಮೂತ್ರದ ಎಂಟು ಹನಿಯನ್ನು ಎಣಿಸಿ ಬಿಟ್ಟು ಕಾಯಿಸಿದೆ. ಎಲ್ಲರೂ ಹೋಮಕುಂಡದ ಸುತ್ತ ನಿಂತಂತೆ ನಿಂತು ನೋಡಿದರು. ನೀಲಿ ಹಸಿರಾಯಿತು. ಹಳದಿಯಾಯಿತು. ಇಟ್ಟಿಗೆಯ ಕೆಂಪಾಯಿತು.

"ಹದಿನೈದು ದಿನದ ಹಿಂದೆ ನನ್ನದೂ ಇದೇ ಬಣ್ಣ" ಎಂದೆ.

ಕಮಲಾಕರ ಕೊಳವೆಯನ್ನೂ ನನ್ನನ್ನೂ ನೋಡಿದ. "ಹಂಗಾರ ನಂಗ ಏನೂ ಹತ್ತಿಲ್ಲೇನ್ರಿ?" ಎಂದು ಸಣ್ಣ ದನಿಯಲ್ಲಿ ಕೇಳಿದ.

"ನನಗೆ ಹತ್ತಿದ್ದೇ ನಿನಗೂ ಹತ್ತಿದೆ, ಏಳು" ಎಂದೆ. ಅವನ ಕಾರಿನಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಸೇರಿಸಿ ಬಂದೆವು. ಮನೆಗೆ ಬರುವಷ್ಟರಲ್ಲಿ ಹನಿ ಹಾಕುವ ಹೊತ್ತು ನಾಲ್ಕು ಸಲ ತಪ್ಪಿತ್ತು. ವೆಂಕಟಲಕ್ಷ್ಮಿ ಬೈಯಲು ಶುರುಮಾಡಿದವಳು ವಾಸಂತಿ ಹೇಳಿದ್ದನ್ನು ಕೇಳಿ ನಿಲ್ಲಿಸಿದಳು. ಬಿಸಿನೀರು ತೋಡಿಕೊಟ್ಟಳು.

೬ ಮಾರ್ಚ್

ಅಂಬತ್ತೂರಿನ ಕೋಣೆಯಲ್ಲಿ ನಡೆದದ್ದು ಎರಡೇ ದಿನದಲ್ಲಿ ತಿರುವಲ್ಲಿಕ್ಕೇಣಿ ಮುಟ್ಟಿದೆ. ಬೀದಿಯ ಪುರೋಹಿತರು ನನ್ನನ್ನು ಈಗ 'ಸಕ್ಕರೆ ಆಚಾರ್' ಅನ್ನುತ್ತಾರಂತೆ. ಮೊದಲು ಉರಿಯಿತು. ಮಧ್ಯಾಹ್ನದ ಹೊತ್ತಿಗೆ ನನಗೇ ನಗು ಬಂತು, ಹೆಸರು ಚೆನ್ನಾಗಿಯೇ ಇದೆ.

೧೧ ಮಾರ್ಚ್, ಭಾನುವಾರ

ಹೋಮ ನಿಲ್ಲಿಸುವುದು ಬೇಡವೆಂದು ಕಮಲಾಕರ ಆಸ್ಪತ್ರೆಯಿಂದಲೇ ಹೇಳಿ ಕಳಿಸಿದ್ದ. ಅವನ ತಮ್ಮ ಸಂಕಲ್ಪಕ್ಕೆ ಕೂತ. ಪ್ರಧಾನಾಚಾರ್ಯನಾಗಿ ವಿಷ್ಣುತೀರ್ಥ. ನಾನೇ ಅವನ ಮನೆಗೆ ಹೋಗಿ ಕೇಳಿಕೊಂಡಿದ್ದೆ.

ಇವತ್ತು ಕೊನೆಯ ದಿನ ವೆಂಕಟಲಕ್ಷ್ಮಿಯ ಜೊತೆ ಹೋಗಿ ಗಾಳಿ ಬರುವ ಕಡೆ, ಶೆಡ್ಡಿನಿಂದ ದೂರ, ಬೇವಿನ ಮರದ ಕೆಳಗೆ ಕೂತೆ. ವಿಷ್ಣುತೀರ್ಥನ ಸ್ವರ ಅಷ್ಟು ದೂರಕ್ಕೂ ಸ್ಪಷ್ಟವಾಗಿ ಕೇಳುತ್ತಿತ್ತು. ಒಂದು ಅಕ್ಷರ ತಪ್ಪಿಲ್ಲ. ಪಕ್ಕದಲ್ಲಿ ಕೂತು ಇಷ್ಟು ವರ್ಷ ಇದನ್ನು ಕೇಳಿಸಿಕೊಂಡೇ ಇರಲಿಲ್ಲ. ಪೂರ್ಣಾಹುತಿ ಮುಗಿಸಿ ಹೊರಗೆ ಬಂದಾಗ ಅವನ ಎರಡು ಕಣ್ಣಿನಿಂದಲೂ ನೀರು ಧಾರಾಕಾರ. ಸಂಕೋಚದಿಂದ ಒರೆಸಿಕೊಳ್ಳುತ್ತ, "ನನಗೆ ಹೊಗೆ ಆಗೋದಿಲ್ಲ, ಆಚಾರ್ಯರೇ, ಏನು ಮಾಡ್ಲಿ" ಎಂದ.

"ಒರೆಸಿಕೋಬೇಡಿ, ಬರಲಿ" ಎಂದೆ. ಹೊಟ್ಟೆಕಿಚ್ಚಾಯಿತು ಎಂದು ಬರೆದರೆ ತಪ್ಪಾಗದು.

೨ ಏಪ್ರಿಲ್

ಪಟ್ಟಿ ತೆಗೆದರು. ಹುಣ್ಣು ಮಾಗಿದೆ! ಗುಡ್ಡೆಯ ಅಂಚಿನಲ್ಲಿ ಒಂದು ಸಣ್ಣ ಬಿಳಿ ಕಲೆ ಉಳಿದಿದೆ, ನೋಟಕ್ಕೆ ಅಡ್ಡವಿಲ್ಲ. ಕೊಳವೆಯಲ್ಲಿ ಈಗ ವಾರದಿಂದ ಹಸಿರು. ಡಾಕ್ಟರ್ ಗುಣವತಿ ನನಗೆ ಶಹಭಾಸ್ ಅನ್ನಲಿಲ್ಲ, ವೆಂಕಟಲಕ್ಷ್ಮಿಗೆ ಅಂದರು.

ಹತ್ತಿಯ ಎಳೆ ಮಾತ್ರ ಇನ್ನೂ ತಿಳಿಯುವುದಿಲ್ಲ. ನರ ಚಿಗುರಿದರೆ ಚಿಗುರಬಹುದು, ಇಲ್ಲದಿದ್ದರೆ ಇಲ್ಲ. ಹನಿ ಜೀವಮಾನವಿಡೀ. ತಾನಾಗಿ ಬಡಿಯದ ರೆಪ್ಪೆಯನ್ನು ನೆನಪಿಟ್ಟು ಬಡಿಯಬೇಕು. ನೆನಪಿರುವುದು ಹೇಗೆ ಎಂದು ಕೇಳಿದ್ದಕ್ಕೆ, ಅದು ನಿಮಗೇ ಗೊತ್ತಿರಬೇಕು ಸಾಮಿ, ನೀವು ಎಣಿಸುವವರು ಎಂದರು. ದಾರಿಯಲ್ಲಿ ಹೊಳೆಯಿತು. ಕೇಶವ ಎಂದು ಒಂದು ಸಲ ರೆಪ್ಪೆ, ನಾರಾಯಣ ಎಂದು ಒಂದು ಸಲ. ಇಪ್ಪತ್ತನಾಲ್ಕು ಹೆಸರು ಮುಗಿಯುವಷ್ಟರಲ್ಲಿ ಬಸ್ಸು ಲಜ್ ಸ್ಟಾಪು ದಾಟಿತ್ತು. ಎದುರು ಸೀಟಿನ ಹೆಂಗಸು ನಾನು ಕಣ್ಣು ಹೊಡೆಯುತ್ತಿದ್ದೇನೆಂದು ಮುಖ ತಿರುಗಿಸಿಕೊಂಡಳು. ವೆಂಕಟಲಕ್ಷ್ಮಿ ಮನೆ ಮುಟ್ಟುವವರೆಗೆ ನಕ್ಕಳು.

೨೨ ಏಪ್ರಿಲ್, ಭಾನುವಾರ

ಹೋಮಗಳಿಗೆ ಹೋಗುವುದಿಲ್ಲವಾದ್ದರಿಂದ ಭಾನುವಾರ ಈಗ ಬಿಡುವು. ಬೆಳಿಗ್ಗೆ ವೆಂಕಟಲಕ್ಷ್ಮಿಗೆ ಅವರೆಕಾಯಿ ಬಿಡಿಸಿಕೊಟ್ಟೆ. ಹತ್ತು ಗಂಟೆಗೆ ಕಮಲಾಕರ ಕೋಲೂರಿಕೊಂಡು ಬಂದ. ಕಿರುಬೆರಳು ತೆಗೆದಿದ್ದಾರೆ, ಕಾಲು ಉಳಿದಿದೆ. ಮುಖ ಇಳಿದಿದ್ದರೂ ಗೆಲುವಾಗಿದ್ದ. ಸಕ್ಕರೆ ಹಾಕದ ಕಾಫಿ ಕುಡಿಯುತ್ತ ಇಬ್ಬರೂ ಯಾವ ತಿಂಡಿ ಬಿಟ್ಟು ಎಷ್ಟು ದಿನವಾಯಿತೆಂದು ಹೇಳಿಕೊಂಡೆವು.

ದಿನಾ ಅಂಗಾಲು ನೋಡಿಕೊಳ್ಳಲು ಡಾಕ್ಟರು ಹೇಳಿದ್ದಾರಂತೆ. ಯಾರು ನೋಡುತ್ತಾರೆ ಎಂದೆ. "ಯಾರು ನೋಡ್ಬೇಕ್ರಿ? ಆಕಿ ಹೋಗಿ ನಾಕು ವರ್ಷ ಆತು. ಕನ್ನಡಿ ಇಟ್ಟು ನೋಡ್ತೀನಿ. ಹೊಟ್ಟಿ ಅಡ್ಡ ಬರ್ತದ" ಎಂದು ನಕ್ಕ.

ಕಾಲು ಬೆಂಚಿನ ಮೇಲಿಡು ಎಂದೆ. ಹಾವು ತುಳಿದವನಂತೆ ಹಿಂದೆ ಸರಿದ. "ಗುರುಗಳ ಮುಂದ ಪಾದ ಚಾಚ್ಲೇನ್ರಿ? ನರಕಕ್ಕ ಹೋಗ್ತೀನಿ!"

ನರಕ ನನ್ನ ಇಲಾಖೆ, ನೀನು ಚಾಚು ಎಂದು ನೆಲಕ್ಕೆ ಕೂತು ಅವನ ಕಾಲನ್ನು ತೊಡೆಯ ಮೇಲೆ ತೆಗೆದುಕೊಂಡೆ. ಸಂಧ್ಯಾವಂದನೆ ಮುಗಿಸಿದ ಪಂಚೆ. ಮತ್ತೆ ಸ್ನಾನ ಮಾಡಿದರಾಯಿತು. ಕನ್ನಡಕ ಸರಿಮಾಡಿಕೊಂಡು ಬೆರಳ ಸಂದಿ, ಹಿಮ್ಮಡಿ ಎಲ್ಲ ನೋಡಿದೆ. ಹಿಮ್ಮಡಿಯ ಬದಿಯಲ್ಲಿ ಚಪ್ಪಲಿ ಉಜ್ಜಿ ಒಂದು ಹೊಸ ಗುಳ್ಳೆ ಎದ್ದಿತ್ತು. ಅವನಿಗೆ ಗೊತ್ತೇ ಇರಲಿಲ್ಲ. ವೆಂಕಟಲಕ್ಷ್ಮಿ ಮುಲಾಮು, ಬಟ್ಟೆ ತಂದಳು. ಕಟ್ಟುವಾಗ ಅವನು ತಲೆ ಬಗ್ಗಿಸಿ ಕೂತಿದ್ದ, ಮೂಗು ಎಳೆದುಕೊಳ್ಳುತ್ತಿದ್ದ. ದಿನಾ ನೋಡುವುದಕ್ಕೆ ಮೇಸ್ತ್ರಿಗೆ ಹೇಳು, ಭಾನುವಾರ ಇಲ್ಲಿಗೆ ಬಾ ಎಂದೆ.

ಆಮೇಲೆ ಅವನು ಎದ್ದು ಕೈ ತೊಳೆದುಕೊಂಡು ಬಂದ. "ಇನ್ನ ನೀವು ಬೆಳಕಿಗೆ ಕೂಡ್ರಿ" ಎಂದ. ಹೆಬ್ಬೆರಳಿನಿಂದ ನನ್ನ ರೆಪ್ಪೆ ಬಿಡಿಸಿ, ಮೊದಲು ಬಲಗಣ್ಣು, ಆಮೇಲೆ ಎಡಗಣ್ಣು, ಬಹಳ ಹೊತ್ತು ನೋಡಿದ. ಅವನ ಉಸಿರು ಮುಖಕ್ಕೆ ತಾಕುತ್ತಿತ್ತು. ನನ್ನ ಕಣ್ಣಿನ ಸುದ್ದಿ ನನಗೆ ತಿಳಿಯದು, ಅವನ ಕಾಲಿನ ಸುದ್ದಿ ಅವನಿಗೆ ತಿಳಿಯದು.

"ಏನೂ ಇಲ್ರಿ, ಆಚಾರ್ರ. ಸ್ವಚ್ಛ ಅದ" ಎಂದ.

ನಂಬಿದೆ.